ನಮ್ಮ ಮೇಲೆ ಬಿಡಿ

"ಗಾಡಿ ಮೇಲೆ ಏನಪ್ಪಾ ಬರ್ಸಿದೀಯ? ನಂಗೆ ಓದಕ್ಕೆ ಬರಲ್ಲ. ಓದು, ಕೇಳೋಣ."

ಕೇಳಿದ್ದು ಎದುರು ಫುಟ್‌ಪಾತಿನ ಸೊಪ್ಪಿನ ಮುದುಕಿ. ಹೊಂಗೆ ಮರದ ಕೆಳಗೆ ಗೋಣಿಚೀಲ ಹಾಸಿ ದಂಟು, ಸಬ್ಬಸಿಗೆ ಹರಡಿಕೊಂಡು ಕೂತಿದ್ದಳು. ಗಿರಿರಾಜ ವ್ಯಾನಿನಿಂದ ಪ್ರೆಶರ್ ಪಂಪು ಇಳಿಸುತ್ತಿದ್ದ. ಕೇಳಿದವರು ಯಾರಾದರೇನು, ಜಾಹೀರಾತು ಜಾಹೀರಾತೇ. ಎದೆಯುಬ್ಬಿಸಿ ಓದಿದ:

"ಹೊರಗೋಡೆಯ ಎಂಥಾ ಕಲೆಯೇ ಇರಲಿ, ನಮ್ಮ ಮೇಲೆ ಬಿಡಿ!"

ಮುದುಕಿಯ ಕೈಯಲ್ಲಿದ್ದ ಸೊಪ್ಪಿನ ಕಟ್ಟು ಕೆಳಗೆ ಬಿತ್ತು.

"ಯಾವ್ ಮನೆಗೆ ಬಂದಿದೀಯ? ಈ ಮನೆಗಾ?"

"ಹೂಂ, ಇದೇ."

"ಅಳಿಸು ಅದನ್ನ. ಅಳಿಸಿ ಆಮೇಲೆ ಒಳಕ್ಕೆ ಹೋಗು. ಆ ಗೋಡೆ ಹತ್ರ ನಿಂತ್ಕೊಂಡು ಆ ಮಾತು ಮಾತ್ರ ಆಡ್ಬೇಡ. ಅಲ್ಲಿ ಕೇಳಿಸ್ಕೊಳ್ಳೋದು ಒಂದೈತೆ."

"ಕಿವಿ ಇದ್ರೆ ಕಿವೀನೂ ತೊಳ್ದು ಕೊಡ್ತೀನಿ ಬಿಡಜ್ಜಿ."

ಮುದುಕಿ ನಗಲಿಲ್ಲ. "ಮಕ್ಕಳಿದಾವಾ ನಿಂಗೆ?"

"ಬರ್ತಾ ಇದೆ. ಇನ್ನೆರಡು ತಿಂಗಳು."

ಅವಳು ಎರಡೂ ಕೈ ಜೋಡಿಸಿದಳು. ಮಣ್ಣು ಮೆತ್ತಿದ, ಗಂಟುಗಂಟಾದ ಬೆರಳುಗಳು. "ಹಂಗಾದ್ರೆ ನಿನ್ ದಮ್ಮಯ್ಯ, ಹೊಂಟೋಗಪ್ಪ."

ಗಿರಿರಾಜ ಪೈಪನ್ನು ಹೆಗಲಿಗೆ ಸುತ್ತಿಕೊಂಡು ಗೇಟು ತೆರೆದ. ಬೆಂಗಳೂರಿಗೆ ಬಂದು ಎಂಟು ತಿಂಗಳಾಗಿತ್ತು. ಈ ಊರಿನಲ್ಲಿ ಪ್ರತಿಯೊಬ್ಬನೂ ಇನ್ನೊಬ್ಬನ ಕೆಲಸ ಕೆಡಿಸಲು ಕಾಯುತ್ತಿರುತ್ತಾನೆ ಅನ್ನೋದು ಅವನಿಗೆ ಮೊದಲ ವಾರದಲ್ಲೇ ಗೊತ್ತಾಗಿತ್ತು. ಒಬ್ಬ ಪಾರ್ಕಿಂಗ್‌ಗೆ ಜಗಳ ತೆಗೆಯುತ್ತಾನೆ, ಇನ್ನೊಬ್ಬ ನೀರಿಗೆ. ಈ ಮುದುಕಿ ದೆವ್ವದ ಕತೆ ತೆಗೆದಿದ್ದಾಳೆ. ಅಷ್ಟೇ ವ್ಯತ್ಯಾಸ.

ಗಾಡಿಯ ಮೇಲಿನ ಆ ಸಾಲು ಹೊಳೆದದ್ದು ಅವನ ಹೆಂಡತಿ ವಚನಾಳಿಗೆ. ಮದುವೆಯಾದ ದಿನದಿಂದ ಅವಳ ಬಾಯಲ್ಲಿ ಅದೇ ಮಾತು. ಗ್ಯಾಸ್ ಮುಗಿದರೂ, ಓನರ್ ಮನೆ ಖಾಲಿ ಮಾಡು ಅಂದರೂ, ಡಿಪ್ಲೊಮಾ ಮುಗಿಸಿದ ಗಿರಿರಾಜ ಕೆಲಸ ಸಿಗದೆ ಚಾಪೆ ಮೇಲೆ ಮುಖ ಕೆಳಗೆ ಮಾಡಿ ಮಲಗಿದರೂ, "ನೀ ಸುಮ್ಕಿರು, ನನ್ ಮ್ಯಾಲೆ ಬಿಡು" ಅನ್ನುತ್ತಿದ್ದಳು. ಹೇಳಿದಂತೆ ಮಾಡಿಯೂ ಮಾಡುತ್ತಿದ್ದಳು. ವ್ಯಾನ್ ಕೊಂಡಾಗ ಹಳದಿ ಪೇಂಟು ತಂದು ತಾನೇ ಬರೆದಳು. ಅಕ್ಷರ ಸ್ವಲ್ಪ ಬಲಕ್ಕೆ ವಾಲಿವೆ. ಅವಳಿಗೆ ಈಗ ಏಳು ತಿಂಗಳು. ಈ ಭಾನುವಾರ ಕುಬುಸ, ಅಂದರೆ ಸೀಮಂತ. ರಾಣೆಬೆನ್ನೂರಿನಿಂದ ಅವಳವ್ವ ಹಸಿರು ಸೀರೆ ತೆಗೆದುಕೊಂಡು ಬರುವವಳಿದ್ದಳು. ಇದಕ್ಕೆ ಮುಂಚೆ ಒಂದು ಬಸುರು ಮೂರನೇ ತಿಂಗಳಲ್ಲಿ ಹೋಗಿತ್ತು. ಆಗ ಮಾತ್ರ ವಚನಾ ನನ್ ಮ್ಯಾಲೆ ಬಿಡು ಅಂದಿರಲಿಲ್ಲ. ಹದಿನೈದು ದಿನ ಯಾವ ಮಾತೂ ಆಡಿರಲಿಲ್ಲ.

ಮನೆ ಶ್ರೀಗಂಧದ ಕಾವಲಿನಲ್ಲಿ, ಮಾಗಡಿ ರೋಡಿನಿಂದ ಎರಡು ಅಡ್ಡರಸ್ತೆ ಒಳಗೆ. ಮೂರು ಅಂತಸ್ತು. ಮುಂಭಾಗಕ್ಕೆ ಕಲ್ಲು, ಪಕ್ಕದ ಗೋಡೆಗೆ ಬಿಳಿ ಹಲಗೆಯ ಹೊದಿಕೆ. ಸಿಮೆಂಟು-ನಾರಿನ ಉದ್ದುದ್ದ ಹಲಗೆಗಳು, ಮೀನಿನ ಪೊರೆಯ ಹಾಗೆ ಒಂದರ ಅಂಚಿನ ಮೇಲೆ ಇನ್ನೊಂದು. ಈಗಿನ ಫ್ಯಾಷನ್. ಹಲಗೆಗೂ ಇಟ್ಟಿಗೆಗೂ ನಡುವೆ ಮೂರು ಬೆರಳಿನಷ್ಟು ಸಂದು ಬಿಟ್ಟಿರುತ್ತಾರೆ, ಗಾಳಿಯಾಡಲಿ ಅಂತ.

ಕಲೆ ಆ ಹೊದಿಕೆಯ ನಟ್ಟನಡುವೆ ಇತ್ತು. ಮೊಳಕಾಲಿನಿಂದ ಹಿಡಿದು ಆಳೆತ್ತರದವರೆಗೆ. ಕಪ್ಪಲ್ಲ, ಕಂದಲ್ಲ, ಎರಡರ ನಡುವಿನ ಬಣ್ಣ. ಮಧ್ಯದಲ್ಲಿ ದಟ್ಟ, ಅಂಚಿನಲ್ಲಿ ಚುಕ್ಕಿಚುಕ್ಕಿ. ಯಾರೋ ಹಿಡಿ ತುಂಬಿ ಏನನ್ನೋ ಎರಚಿದ ಹಾಗೆ.

"ನಾಲ್ಕು ಜನ ಬಂದು ಹೋಗಿದಾರೆ," ಅಂದಳು ಮನೆಯವಳು. ನಿಖಿತಾ ಅಂತ ಹೆಸರು, ಮೂವತ್ತರ ಆಸುಪಾಸು. ಹಣೆಯಲ್ಲಿ ತೆಳ್ಳಗೆ ವಿಭೂತಿ. ಗಂಡ ನಾಗಭೂಷಣ್ ಆಫೀಸಿಗೆ ಹೋಗಿದ್ದಾನೆ ಅಂದಳು. ಮಾತಾಡುವಾಗ ಅವಳ ಒಂದು ಕೈ ಹೊಟ್ಟೆಯ ಮೇಲೆಯೇ ಇತ್ತು. "ಪೇಂಟ್ ಹೊಡ್ಸಿದ್ವಿ. ಹಲಗೇನೇ ಬದಲಾಯಿಸಿದ್ವಿ. ಒಂದು ವಾರ. ಮತ್ತೆ ಅದೇ ಜಾಗ, ಅದೇ ಆಕಾರ. ನಿಮ್ ಗಾಡಿ ಮೇಲಿಂದು ಓದ್ದೆ ಮೊನ್ನೆ ನಾಗರಬಾವಿ ಸರ್ಕಲ್ಲಲ್ಲಿ. ಅದಕ್ಕೇ ಫೋನ್ ಮಾಡಿದ್ದು."

"ಒಳ್ಳೇದ್ ಮಾಡಿದ್ರಿ ಮೇಡಂ."

ಅವಳು ಒಳಗೆ ಹೋಗಿ ಕಿಟಕಿಯ ಹಿಂದೆ ನಿಂತಳು.

ಕೆಲಸ ಶುರು ಮಾಡುವ ಮುಂಚೆ ವಚನಾಳ ಫೋನು ಬಂತು. "ಗ್ಲೌಸ್ ಇಲ್ಲೇ ಮಂಚದ ಮ್ಯಾಲೆ ಅದಾವಲ್ಲ?"

"ಅಯ್ಯೋ, ಮರ್ತುಬಿಟ್ಟೆ ಕಣೇ."

"ತಲೀನೂ ಒಂದಿನ ಮರ್ತು ಹೋಗ್ತಿ ನೀ. ಆ್ಯಸಿಡ್ ಮುಟ್ಟಬ್ಯಾಡ ಬರೀ ಕೈಲಿ."

ಗೋಡೆ ಕಲೆಗೆ ಮೂರೇ ಜಾತಿ, ಇದು ಗಿರಿರಾಜನ ನಂಬಿಕೆ. ಪಾಚಿ, ಬೂಷ್ಟು ಆದರೆ ಬ್ಲೀಚಿನ ಒಂದು ಹನಿಗೆ ನಿಮಿಷದಲ್ಲಿ ಬೆಳ್ಳಗಾಗುತ್ತೆ. ಮೊಳೆ, ಗ್ರಿಲ್ಲಿನ ತುಕ್ಕು ಆದರೆ ಆಕ್ಸಾಲಿಕ್ ಆ್ಯಸಿಡ್‌ಗೆ ಕರಗುತ್ತೆ. ಎಣ್ಣೆ, ಹೊಗೆ ಆದರೆ ಸೋಪು, ಮೆದು ಬ್ರಷ್ಷು. ಸೋಪನ್ನು ಕೆಳಗಿನಿಂದ ಮೇಲಕ್ಕೆ ಹಚ್ಚಬೇಕು, ನೀರನ್ನು ಮೇಲಿನಿಂದ ಕೆಳಕ್ಕೆ ಬಿಡಬೇಕು. ಇದು ಉಲ್ಟಾ ಆದರೆ ಗೋಡೆ ತುಂಬಾ ಗೆರೆ ಬೀಳುತ್ತೆ. ಕೆಲಸ ಅಂದರೆ ಇಷ್ಟೇ. ಉಳಿದದ್ದೆಲ್ಲ ಸೋಮಾರಿಗಳ ನೆಪ.

ಬ್ಲೀಚ್ ಹನಿ ಹಾಕಿ ನೂರು ಎಣಿಸಿದ. ಹನಿ ಬಿಸಿಲಿಗೆ ಆರಿತು. ಕಲೆ ಹಾಗೆಯೇ ಇತ್ತು.

ಆ್ಯಸಿಡ್ ಹಾಕಿದ. ಹತ್ತು ನಿಮಿಷ ಬಿಟ್ಟ. ಹಾಗೆಯೇ ಇತ್ತು.

ಸೋಪು ಹಚ್ಚಿ ಉಜ್ಜಿದ. ಭುಜ ನೋಯುವವರೆಗೆ ಉಜ್ಜಿದ. ಪಂಪು ಹಚ್ಚಿ, ಹಲಗೆ ಸೀಳುವ ಭಯದಲ್ಲೇ, ಅರ್ಧ ಅಡಿ ದೂರದಿಂದ ನೀರು ಬಿಟ್ಟ. ಕಲೆಯನ್ನು ತಾಗಿ ಕೆಳಗಿಳಿದ ನೀರು ಗಾಜಿನಷ್ಟು ತಿಳಿಯಾಗಿತ್ತು. ಒಂದು ಚೂರು ಬಣ್ಣ ಬಿಟ್ಟಿರಲಿಲ್ಲ.

ಪಂಪು ಆರಿಸಿದ. ಆಗ ವಾಸನೆ ಗಮನಕ್ಕೆ ಬಂತು. ಬ್ಲೀಚಿನ ಘಾಟು ಇರಬೇಕಾಗಿತ್ತು. ಅದಿರಲಿಲ್ಲ. ಹಸಿ ಮಣ್ಣು, ಆಗಷ್ಟೇ ಗುದ್ದಲಿ ಹಾಕಿ ತೆಗೆದ ಮಣ್ಣು. ಅದರೊಳಗೆ ಇನ್ನೊಂದು, ಬಟ್ಟೆಯಲ್ಲಿ ಒಣಗಿ ಹುಳಿಯಾದ ಹಾಲಿನ ವಾಸನೆ. ಸಂಕ್ರಾಂತಿ ಕಳೆದು ವಾರವಾಗಿತ್ತು. ಮಳೆ ಕಂಡು ಎರಡು ತಿಂಗಳು. ಉಳಿದ ಹಲಗೆಗಳು ಐದೇ ನಿಮಿಷದಲ್ಲಿ ಆರಿದವು. ಕಲೆಯಿದ್ದ ಜಾಗ ಒದ್ದೆಯಾಗಿಯೇ ಇತ್ತು.

ಒಳಗಿನಿಂದ ಬರ್ತಿದೆ, ಅಂದುಕೊಂಡ. ಸಂದಿನಲ್ಲಿ ಯಾವುದೋ ಪೈಪು ಸೋರುತ್ತಿದೆ. ನಾಲ್ಕು ಜನ ಮುಠ್ಠಾಳರಿಗೆ ಇಷ್ಟು ಹೊಳೆದಿಲ್ಲ. ಸ್ಕ್ರೂ ಬಿಚ್ಚಿ ನಡುವಿನ ಹಲಗೆಯನ್ನು ಕಿತ್ತ.

ಹೊರಗೆ ಹನ್ನೆರಡು ಗಂಟೆಯ ಬಿಸಿಲು. ಸಂದಿನಲ್ಲಿ ಕತ್ತಲು. ಎಂಥಾ ಕತ್ತಲು ಅಂದರೆ, ಮೊಬೈಲಿನ ಟಾರ್ಚು ಬಿಟ್ಟರೂ ಮೂರು ಬೆರಳಿನಾಚೆಗಿನ ಇಟ್ಟಿಗೆ ಕಾಣಲಿಲ್ಲ. ಮೆಲ್ಲಗೆ ಒಂದು ಸದ್ದು ಬರುತ್ತಿತ್ತು. ಚಪ್. ಚಪ್. ಚಪ್. ನೀರು ತೊಟ್ಟಿಕ್ಕುವ ಸದ್ದಲ್ಲ. ತುಟಿಯ ಸದ್ದು. ಏನನ್ನೋ ಚೀಪುವ ಸದ್ದು.

ಪೈಪೇ, ಅಂದುಕೊಂಡು ಕೈ ಹಾಕಿದ. ಮೊಣಕೈವರೆಗೆ ಹೋಯಿತು. ಮೂರು ಬೆರಳಿನ ಸಂದಿನಲ್ಲಿ ಮೊಣಕೈವರೆಗೆ ಹೇಗೆ ಹೋಯಿತು ಅನ್ನುವುದು ತಲೆಗೆ ಬರುವ ಮುಂಚೆ ಬೆರಳಿಗೆ ಏನೋ ತಾಗಿತು. ಬೆಚ್ಚಗಿತ್ತು. ಮೆತ್ತಗಿತ್ತು. ಅದು ಅವನ ತೋರುಬೆರಳನ್ನು ಹಿಡಿದುಕೊಂಡಿತು.

ಗಟ್ಟಿಯಾಗಿ ಅಲ್ಲ. ತೊಟ್ಟಿಲಲ್ಲಿ ಮಲಗಿದ ಕೂಸು ಯಾರದೋ ಬೆರಳು ಸಿಕ್ಕರೆ ಹಿಡಿದುಕೊಳ್ಳುವಷ್ಟು.

ಕೈ ಎಳೆದುಕೊಂಡು ಹಿಂದಕ್ಕೆ ಬಿದ್ದ. ಬಕೆಟ್ಟು ಉರುಳಿತು. ಬೆರಳ ಸುತ್ತ ಬಿಳಿಚಿದ ಗುರುತು, ಉಂಗುರದ ಹಾಗೆ. ಬೇರು ಇರಬೇಕು, ಅಂತ ತನಗೆ ತಾನೇ ಗಟ್ಟಿಯಾಗಿ ಹೇಳಿಕೊಂಡ. ಎದುರಿನ ಹೊಂಗೆಯ ಬೇರು. ಹಲಗೆಯನ್ನು ಎತ್ತಿ ಅದರ ಜಾಗಕ್ಕೆ ಒತ್ತಿ ಸ್ಕ್ರೂ ಹಾಕಿದ. ಎರಡು ಸ್ಕ್ರೂ ಕೈಯಿಂದ ಜಾರಿ ಬಿದ್ದವು.

ನಿಖಿತಾ ಮಜ್ಜಿಗೆ ತಂದಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ಆಗ್ಲಿಲ್ಲ ಅಲ್ವಾ?"

"ಆಗುತ್ತೆ ಮೇಡಂ. ಸ್ವಲ್ಪ ಮೊಂಡು ಕಲೆ."

"ಮನೇಲಿ ಯಾರ್ಯಾರಿದೀರ?"

"ನಾನು, ನನ್ ಹೆಂಡ್ತಿ. ಅವಳಿಗೆ ಈಗ ಏಳು ತಿಂಗಳು."

ಲೋಟ ಹಿಡಿದ ಅವಳ ಕೈ ಅಲ್ಲೇ ನಿಂತಿತು. ಮಜ್ಜಿಗೆ ತುಳುಕಿ ನೆಲಕ್ಕೆ ಚೆಲ್ಲಿತು. ಅವಳ ಮುಖದಲ್ಲಿ ಏನೋ ಕುಸಿದದ್ದು ಗಿರಿರಾಜನಿಗೂ ಕಂಡಿತು.

"ಬೇಡ," ಅಂದಳು. "ಬೇಡ, ನೀವ್ ಹೋಗಿ. ಸಾಮಾನು ಎತ್ಕೊಂಡ್ ಈಗ್ಲೇ ಹೋಗಿ. ನಾನ್ ಬೇರೆ ಯಾರನ್ನಾದ್ರೂ ಕರೀತೀನಿ."

ಅಷ್ಟಕ್ಕೆ ಹೋಗಿದ್ದರೆ ಆಗುತ್ತಿತ್ತು. ಹೋಗುವುದಕ್ಕೆ ಅವನ ಕಾಲೂ ಸಿದ್ಧವಿತ್ತು. ಆದರೆ ಬೇರೆ ಯಾರನ್ನಾದರೂ ಅನ್ನುವ ಮಾತು ಅವನಿಗೆ ಕೆನ್ನೆಗೆ ಬಾರಿಸಿದ ಹಾಗಾಯಿತು. ನಾಲ್ಕು ಮುಠ್ಠಾಳರು, ಐದನೆಯವನು ತಾನು. ಹೆದರಿದ್ದಕ್ಕೆ ಹುಟ್ಟಿದ ಸಿಟ್ಟು ಅದು. ಗೋಡೆಗೆ ಬೆನ್ನು ಹಾಕಿ, ಗಿರಾಕಿಗಳಿಗೆ ದಿನಾ ನಗುವ ನಗೆ ನಕ್ಕು ಹೇಳಿದ:

"ಬೇರೆಯವರು ಯಾಕೆ ಮೇಡಂ? ನಾನಿಲ್ವಾ? ಇದನ್ನ ನನ್ ಮೇಲೆ ಬಿಡಿ."

ಬೆನ್ನ ಹಿಂದೆ ಚೀಪುವ ಸದ್ದು ನಿಂತಿತು.

ರಸ್ತೆಯ ಸದ್ದೂ ನಿಂತ ಹಾಗಿತ್ತು. ನಿಖಿತಾ ಅವನ ಮುಖ ನೋಡಿದಳು. ಕಣ್ಣಲ್ಲಿ ನೀರು ತುಂಬಿತ್ತು. ಹೊಟ್ಟೆಯ ಮೇಲಿನ ಕೈ ಬಿಗಿಯಾಯಿತು. ತುಟಿ ಎರಡು ಸಲ ಅಲ್ಲಾಡಿ ಸುಮ್ಮನಾಯಿತು. ಮೂರನೇ ಸಲ, ಉಸಿರಿನಷ್ಟು ಸಣ್ಣ ದನಿಯಲ್ಲಿ, ಅವಳು ಅಂದಳು:

"ಬಿಟ್ಟೆ."

ಮಜ್ಜಿಗೆಯ ಲೋಟವನ್ನು ಅಲ್ಲೇ ನೆಲದ ಮೇಲೆ ಇಟ್ಟು ಓಡುವ ಹಾಗೆ ಒಳಗೆ ಹೋದಳು. ಬಾಗಿಲ ಚಿಲಕ ಬಿದ್ದ ಸದ್ದು ಕೇಳಿಸಿತು. ಒಂದಲ್ಲ, ಮೂರು ಚಿಲಕ.

ಗಿರಿರಾಜ ಪಂಪು ಹಚ್ಚಿದ. ಸುಮ್ಮನೆ, ಕೊನೇ ಸಲ. ಬರೀ ನೀರು.

ಕಲೆ ಹೋಯಿತು.

ಕರಗಿ ಹೋಗಲಿಲ್ಲ. ಇಳಿದು ಹೋಗಲಿಲ್ಲ. ಸ್ಲೇಟಿನ ಮೇಲೆ ಒದ್ದೆ ಬಟ್ಟೆ ಆಡಿಸಿದ ಹಾಗೆ, ನೀರು ತಾಗಿದ ಕಡೆ ಇಲ್ಲವಾಯಿತು. ಎರಡೇ ನಿಮಿಷ. ಹಲಗೆ ಬೆಳ್ಳಗೆ ಹೊಳೆಯುತ್ತಿತ್ತು. ಗಿರಿರಾಜ ಕೂಗಿಕೊಂಡೇ ನಕ್ಕ. ಫೋಟೋ ತೆಗೆದು ವಚನಾಳಿಗೆ ಕಳಿಸಿದ. ಅವಳಿಂದ ವಾಯ್ಸ್ ಮೆಸೇಜು ಬಂತು: "ನೋಡು, ನಾ ಬರ್ದಿದ್ ಲೈನು ಸುಳ್ಳಾಗಲಿಲ್ಲ!"

ಪೈಪು ಸುತ್ತುವಾಗ ಅಂಗೈ ನೋಡಿಕೊಂಡ.

ಬಲ ಅಂಗೈಯ ನಡುವೆ ರೂಪಾಯಿಯಗಲದ ಗುರುತು. ಕಪ್ಪಲ್ಲ, ಕಂದಲ್ಲ. ಮಧ್ಯದಲ್ಲಿ ದಟ್ಟ, ಅಂಚಿನಲ್ಲಿ ಚುಕ್ಕಿಚುಕ್ಕಿ. ನೀರಿನಲ್ಲಿ ತೊಳೆದ. ಸೋಪು ಹಾಕಿದ. ಬ್ಲೀಚಿನಲ್ಲಿ ಅದ್ದಿದ. ಚರ್ಮ ಉರಿದು ಸುಲಿಯಿತು. ಸುಲಿದ ಚರ್ಮದ ಕೆಳಗೂ ಅದೇ ಗುರುತು. ಮೂಗಿನ ಹತ್ತಿರ ತಂದ. ಹಸಿ ಮಣ್ಣು. ಹುಳಿ ಹಾಲು.

ಬಾಗಿಲು ಬಡಿದ. ಕರೆಗಂಟೆ ಒತ್ತಿದ. ಕಿಟಕಿಯ ಪರದೆ ಒಂದಿಷ್ಟು ಸರಿಯಿತು. ಅದರ ಹಿಂದೆ ನಿಖಿತಾ ಎರಡೂ ಕೈಯಿಂದ ತನ್ನ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಪರದೆ ಮತ್ತೆ ಬಿತ್ತು.

ಸೊಪ್ಪಿನ ಮುದುಕಿ ಅವನು ರಸ್ತೆ ದಾಟುವುದನ್ನೇ ನೋಡುತ್ತಿದ್ದಳು. ಅಂಗೈ ತೋರಿಸಿದ. ಅವಳು ಮುಟ್ಟಲಿಲ್ಲ.

"ಆಡಿದೆ," ಅಂದಳು. ಕೇಳಿದ್ದಲ್ಲ, ಹೇಳಿದ್ದು.

"ಏನಿದು? ಯಾರ್ ನೀನು?"

"ಚಿಕ್ಕಲಕ್ಷ್ಮಮ್ಮ. ಈ ಊರೋಳೇ. ಲೇಔಟ್ ಬರೋಕ್ ಮುಂಚಿನೋಳು." ಅವಳು ಸೊಪ್ಪಿನ ಕಟ್ಟಿಗೆ ದಾರ ಸುತ್ತುತ್ತಲೇ ಹೇಳಿದಳು. ದನಿಯಲ್ಲಿ ಏರಿಳಿತವಿರಲಿಲ್ಲ. "ಆ ಮನೆ ಪಾಯ ಇರೋ ಜಾಗದಲ್ಲಿ ನಮ್ಮೋರು ಹಸುಗೂಸು ಹೂಳ್ತಿದ್ದಿದ್ದು. ನನ್ನದೂ ಒಂದಿತ್ತು. ಮೂರು ತಿಂಗಳದು, ಹೆಸರೂ ಇಟ್ಟಿರಲಿಲ್ಲ. ಆ ನಾಗಭೂಷಣನ ಅಪ್ಪ ಸೋಮಲಿಂಗಪ್ಪ ಮನೆ ಕಟ್ಟಕ್ಕೆ ಬಂದ. ಅದೊಂದು ಮೂಲೆ ಅಗೀಬೇಡ ಸ್ವಾಮಿ, ನನ್ ಕೂಸು ಮಲಗೈತೆ ಅಂತ ಕಾಲಿಗೆ ಬಿದ್ದೆ. ಪಾಪ ಬಂದ್ರೆ ನನ್ ಮೇಲೆ ಬಿಡಮ್ಮ, ನಡಿ ನಡಿ, ಅಂದ. ನಗ್ತಾ ಅಂದ. ಅಗೆದು ಹಾಕಿದ್ದ ಅದೇ ಮಣ್ಣು ಹಿಡಿ ತುಂಬಾ ತಗೊಂಡು, ಆ ಕಡೆ ಆಗಲೇ ಎಬ್ಬಿಸಿದ್ದ ಅವನ ಗೋಡೆಗೆ ತೂರಿದೆ. ಬಿಟ್ಟೆ, ಅಂದೆ."

ಗಿರಿರಾಜನ ಅಂಗೈ ಬೆಚ್ಚಗಾಗುತ್ತಿತ್ತು.

"ಅವನು ಸಾಯೋವಾಗ ಮಗ ಕೈ ಹಿಡ್ಕೊಂಡು, ಅಪ್ಪಾ, ಮನೆ ಜವಾಬ್ದಾರಿ ನನ್ ಮೇಲೆ ಬಿಡು ಅಂದನಂತೆ. ಮುದುಕ ಬಿಟ್ಟೆ ಅಂದ. ಆಮೇಲೆ ಸೊಸೆ ಹೊಟ್ಟೇಲಿ ಎರಡು ಹೋದವು. ಈಗ ಮೂರನೇದು, ನಾಕು ತಿಂಗಳು. ಅವಳು ಬಂದು ಅಳ್ತಾ ಕೇಳಿದ್ಲು, ದಾರಿ ಏನು ಅಂತ. ನಾನೇ ಹೇಳ್ದೆ, ಹೊರಗಿನೋರು ಯಾರಾದ್ರೂ ಆ ಮಾತು ಆಡಿದ್ರೆ, ಮನೆಯೋಳು ನೀನೇ ಬಿಟ್ಟೆ ಅನ್ನು ಅಂತ. ತಪ್ಪು ನಂದೇ. ಅದಕ್ಕೇ ಇಲ್ಲಿ ಕೂತ್ಕೊಂಡು ಬಂದೋರಿಗೆಲ್ಲ ಹೇಳ್ತೀನಿ. ಯಾರ್ ಕೇಳ್ತಾರೆ?"

"ಅವರಿಗೇ ವಾಪಸ್ ಕೊಡ್ತೀನಿ."

"ಬಿಟ್ಟೋರ ಹತ್ರ ತಿರುಗಿ ಹೋಗಲ್ಲ ಅದು."

"ಅವರದು ಗೋಡೆ ಮೇಲಿತ್ತು. ನಂದು ಯಾಕ್ ಕೈ ಮೇಲೆ?"

"ಅವರಿಗೆ ಗೋಡೆ ಐತೆ. ನಿಂಗೆ ಸ್ವಂತ ಮನೆ ಐತಾ?"

"ಇಲ್ಲ. ಬಾಡಿಗೆ."

"ಮತ್ತೆ? ನಿಂದು ಅಂತ ಇರೋದು ನಿನ್ ಮೈ ಒಂದೇ." ಅವಳು ಮೊದಲ ಸಲ ತಲೆಯೆತ್ತಿದಳು. "ಅದಕ್ಕೆ ಮಲಗೋಕೆ ಜಾಗ ಬೇಕು. ಗಂಡಸಿನ ಮೈಯಾಗೆ ಜಾಗ ಇಲ್ಲ. ನಿನ್ ಮಗು ಹುಟ್ಟೋ ಗಳಿಗೆವರೆಗೂ ಕಾಯುತ್ತೆ, ಆಮೇಲೆ ಅದರ ಜಾಗ ತಗೊಳುತ್ತೆ. ಅಷ್ಟರಲ್ಲಿ ಇನ್ಯಾರಾದ್ರೂ ಅವರ ಬಾಯಿಂದ ಅವರೇ ಆ ಮಾತು ಆಡ್ಬೇಕು. ನೀನು ಬಿಟ್ಟೆ ಅನ್ಬೇಕು. ಒಂದು ಗ್ಯಾಪ್ಕ ಇಟ್ಕೊ. ಅದು ಕೂಸು. ಮಾತಿನ ಅರ್ಥ ಅದಕ್ಕೆ ಗೊತ್ತಾಗಲ್ಲ. ಬರೀ ಸದ್ದು ಗೊತ್ತು. ಬಾಯಿ ಬಿಗಿ ಹಿಡ್ಕೊಂಡು ಮನೆ ಸೇರ್ಕೊ."

ಎರಡು ತಿಂಗಳು. ಗಿರಿರಾಜ ವ್ಯಾನು ಓಡಿಸುತ್ತ ಲೆಕ್ಕ ಹಾಕಿದ. ಎರಡು ತಿಂಗಳಲ್ಲಿ ಒಬ್ಬ ಸಿಗದೆ ಇರುತ್ತಾನಾ? ಇಡೀ ಬೆಂಗಳೂರಿನಲ್ಲಿ? ಈ ಯೋಚನೆ ಎಷ್ಟು ಸುಲಭವಾಗಿ ಬಂತು ಅನ್ನುವುದು ಅವನನ್ನು ಹೆದರಿಸಲಿಲ್ಲ. ಇವತ್ತೇ ಆದರೆ ಇನ್ನೂ ಒಳ್ಳೆಯದು.

ಮಾಗಡಿ ರೋಡಿನ ಗ್ಯಾರೇಜಿನಲ್ಲಿ ನಿಲ್ಲಿಸಿ, ಬ್ರೇಕ್ ಹಿಡೀತಿಲ್ಲ, ನೋಡ್ತೀರಾ ಅಂದ. ಮೆಕ್ಯಾನಿಕ್ ತಲೆ ಕೂಡ ಎತ್ತಲಿಲ್ಲ. "ಇವತ್ತಾಗಲ್ಲ ಗುರು, ಸೋಮವಾರ ಬಾ." ಸ್ಟುಡಿಯೊಗೆ ಹೋಗಿ ಭಾನುವಾರ ಫಂಕ್ಷನ್ ಇದೆ, ಫೋಟೋ ತೆಗೀತೀರಾ ಅಂದ. "ಕೇಳಿ ಹೇಳ್ತೀನಿ ಸಾರ್, ಗ್ಯಾರಂಟಿ ಕೊಡಲ್ಲ." ಮೆಡಿಕಲ್ ಶಾಪಿನವನಿಗೆ ಅಂಗೈ ತೋರಿಸಿದ. "ಡಾಕ್ಟರ್ ಹತ್ರ ಹೋಗಿ, ನಮ್ ಮೇಲೆ ಬರುತ್ತೆ ಆಮೇಲೆ." ಕಡೆಯವನು ಪಂಚರ್ ಅಂಗಡಿಯ ಬೆಟ್ಟಯ್ಯ, ಪರಿಚಯದವನು, ಒಳ್ಳೆಯವನು. ಅವನ ಮಗಳು ಯೂನಿಫಾರ್ಮಿನಲ್ಲಿ ಟೈರಿನ ಮೇಲೆ ಕೂತು ಹೋಂವರ್ಕ್ ಮಾಡುತ್ತಿದ್ದಳು. ಗಿರಿರಾಜ ಆ ಕಡೆ ನೋಡಲಿಲ್ಲ.

"ಬೆಟ್ಟಣ್ಣ, ಭಾನುವಾರಕ್ಕೆ ಶಾಮಿಯಾನ, ಕುರ್ಚಿ ಬೇಕಿತ್ತು. ಯಾರನ್ನ ಕೇಳ್ಬೇಕೋ ಗೊತ್ತಾಗ್ತಿಲ್ಲ."

"ಅಷ್ಟೇನಾ? ತಲೆ ಕೆಡಿಸ್ಕೋಬೇಡ ಮಗಾ, ಅದನ್ನ ನನ್..."

ಬಿಟ್ಟೆ ಅನ್ನಲು ಗಿರಿರಾಜನ ತುಟಿ ಆಗಲೇ ಕೂಡಿಕೊಂಡಿತ್ತು.

"...ನನ್ ಬಾಮೈದಂಗೆ ಹೇಳ್ತೀನಿ," ಅಂದ ಬೆಟ್ಟಯ್ಯ. "ಅವಂದೇ ಶಾಮಿಯಾನ ಇರೋದು."

ನಾಗರಬಾವಿಯ ಮನೆ ತಲುಪಿದಾಗ ನಾಲ್ಕು ಗಂಟೆ. ಮೇಲಿನ ಮನೆಯಲ್ಲಿ ಕಾಲೇಜು ಹುಡುಗರು ಜೋರಾಗಿ ಹಾಡು ಹಾಕಿದ್ದರು. ಮೆಟ್ಟಿಲಲ್ಲಿ ನಿಂತು ಅಂಗೈ ನೋಡಿದ. ಗುರುತು ಮಣಿಕಟ್ಟಿನವರೆಗೆ ಏರಿತ್ತು. ಬಲಗೈಗೆ ಕರ್ಚೀಫು ಸುತ್ತಿಕೊಂಡ. ಬಾಯಿ ಬಿಗಿ ಹಿಡ್ಕೊ. ಏನೂ ಹೇಳಬೇಡ. ಹೂಂ, ಊಹೂಂ, ಅಷ್ಟೇ. ನಾಳೆ ಬೆಳಗ್ಗೆ ಮತ್ತೆ ಹೊರಡು.

ವಚನಾ ಹಸಿರು ಬಳೆಗಳನ್ನು ಮಂಚದ ಮೇಲೆ ಹರಡಿಕೊಂಡು ಅಳತೆ ನೋಡುತ್ತಿದ್ದಳು.

"ಬಾ ಬಾ, ಮೇಸ್ತ್ರಿ! ಐದು ಜನ ಕೇಳ್ಯಾರ ಆ ಫೋಟೋ ನೋಡಿ." ಅವನ ಮುಖ ನೋಡಿ ನಗು ನಿಂತಿತು. "ಏನಾತು?"

"ಊಹೂಂ."

"ಕೈಗೇನು ಅದು? ಆ್ಯಸಿಡ್ ಚೆಲ್ಲಿಕೊಂಡ್ಯಾ? ಹೇಳಿದ್ನಿಲ್ಲ ನಾ, ಗ್ಲೌಸ್ ಅಂತ?"

ಎದ್ದು ಬಂದಳು. ಅವನು ಹಿಂದೆ ಸರಿದ. ಬೆನ್ನಿಗೆ ಬಾಗಿಲು ತಾಗಿತು. ಅವಳು ಕರ್ಚೀಫು ಬಿಚ್ಚಿದಳು. ನೋಡಿದಳು. ಕಿರುಚಲಿಲ್ಲ. ವಚನಾ ಕಿರುಚುವವಳಲ್ಲ.

"ಸುಟ್ಟೈತಿ. ಡಾಕ್ಟರ್ ಹತ್ರ ಹೋಗೂಣು. ಇಷ್ಟಕ್ಕ ಯಾಕ ಹಿಂಗ ನಡಗ್ತಿ?"

ಅವನು ತುಟಿ ಕಚ್ಚಿ ಹಿಡಿದಿದ್ದ. ಬಾಯೊಳಗೆ ರಕ್ತದ ರುಚಿ.

"ಇಕಾ, ಇಲ್ಲಿ ನೋಡು. ಅಪ್ಪ ಬಂದ ಅಂತ ಆಗ್ಲೇ ಒದಿಯಾಕ ಹತ್ತೈತಿ." ದಿನಾ ಸಂಜೆ ಮಾಡುವ ಹಾಗೆ ಅವನ ಕೈ ತೆಗೆದು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಬಲಗೈ. ಕಿತ್ತುಕೊಳ್ಳಲು ಹೋದ. ಅವಳು ಬಿಡಲಿಲ್ಲ. ಅಂಗೈಯ ಕೆಳಗೆ ಮಗು ಒದೆಯಿತು. ಒಂದು ಸಲ. ಇನ್ನೊಂದು ಸಲ. ಗಟ್ಟಿ ಒದೆ, ಜೀವದ ಒದೆ. ಗಿರಿರಾಜನಿಗೆ ಬೆಳಗಿನಿಂದ ಹಿಡಿದಿಟ್ಟದ್ದೆಲ್ಲ ಕಣ್ಣ ಮುಂದೆ ಬಂತು. ಟೈರಿನ ಮೇಲೆ ಕೂತಿದ್ದ ಹುಡುಗಿಯೂ ಬಂದಳು. ಅಳು ಬಂತು.

"ಅಯ್ಯ, ಗಂಡಸಾಗಿ ಅಳ್ತಾರೇನು?" ವಚನಾ ಅವನ ಗದ್ದ ಹಿಡಿದೆತ್ತಿದಳು. "ಯಾರೇನಂದ್ರು ನಿನಗ? ಏನ ಇರಲಿ. ನೀ ಹೆದರಬ್ಯಾಡ. ನನ್ ಮ್ಯಾಲೆ ಬಿಡು."

ಮಾತಾಡಬೇಡ. ಗಿರಿರಾಜ ಹಲ್ಲು ಕಚ್ಚಿದ. ಮಾತಾಡಬೇಡ. ಅವಳು ಆಡಿದ್ದಾಳೆ. ನೀನು ಆಡದಿದ್ದರೆ ಏನೂ ಆಗಲ್ಲ. ಅಂಗೈ ಕೆಂಡದಷ್ಟು ಬಿಸಿಯಾಯಿತು. ಮಾತಾಡಬೇಡ.

"ಹೇಳೋ. ಏನ್ ಮಾಡ್ಕೊಂಡ್ ಬಂದಿ? ನನ್ನ ಮುಂದ ಹೇಳದ ಇನ್ಯಾರ ಮುಂದ ಹೇಳ್ತಿ?"

ಅವಳ ದನಿಯಲ್ಲಿ ಬೈಗುಳ ಇರಲಿಲ್ಲ. ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಅವಳ ಭುಜಕ್ಕೆ ಮುಖ ಒತ್ತಿದ. ಮುದುಕಿಯ ಮಾತು ಕೇಳದ್ದು, ಬೆಟ್ಟಯ್ಯನ ಮುಂದೆ ತುಟಿ ಕೂಡಿಸಿದ್ದು, ಎಲ್ಲವನ್ನೂ ಹೇಳಬೇಕು ಅನ್ನಿಸಿತು. ಬಿಕ್ಕಳಿಕೆ ಬಂತು. ಬಾಯಿ ತೆರೆಯಿತು.

"ತಪ್ಪು ಮಾಡಿ..." ಬಿಕ್ಕಿದ. ಉಸಿರೆಳೆದ. "...ಬಿಟ್ಟೆ."

ಹಾಡು ನಿಂತಿತು.

ಅವನಿಗೆ ತಾನು ಏನಂದೆ ಅನ್ನುವುದು ಕೇಳಿಸಿತು. ಕೊನೆಯ ಎರಡಕ್ಷರ ಮಾತ್ರ ಕೇಳಿಸಿತು. ಚಪ್. ಎಲ್ಲೋ ಹತ್ತಿರದಲ್ಲಿ. ಚಪ್. ತೀರಾ ಹತ್ತಿರದಲ್ಲಿ. ಅಂಗೈ ತಣ್ಣಗಾಯಿತು.

"ಇಲ್ಲ," ಅಂದ. "ಇಲ್ಲ. ಇಲ್ಲ. ನನ್ ಮೇಲೆ ಬಿಡು. ವಚನಾ, ಬಿಟ್ಟೆ ಅನ್ನು. ಅನ್ನೇ!"

"ಏನಂತಿ ನೀ?"

"ಬಿಟ್ಟೆ ಅನ್ನು! ಒಂದ್ಸಲ ಅನ್ನು!"

"ಬಿಟ್ಟೆ," ಅಂದಳು ಅವಳು, ಗಾಬರಿಯಿಂದ. ಏನೂ ಆಗಲಿಲ್ಲ. ಬಿಟ್ಟವರ ಹತ್ತಿರ ತಿರುಗಿ ಹೋಗಲ್ಲ ಅದು. ಮತ್ತೊಮ್ಮೆ ಅಂದಳು. ಮೂರನೇ ಸಲ ಅನ್ನಲು ಹೋಗಿ ನಿಲ್ಲಿಸಿದಳು. ಕತ್ತು ವಾಲಿಸಿ ತನ್ನೊಳಗಿನ ಏನನ್ನೋ ಕೇಳಿಸಿಕೊಳ್ಳುವವಳ ಹಾಗೆ ನಿಂತಳು.

"ಗಿರಿ," ಅಂದಳು. "ಒದಿಯೋದು ನಿಂತೈತಿ."

ಕೋಣೆಯಲ್ಲಿ ಹಸಿ ಮಣ್ಣಿನ ವಾಸನೆ ಏಳುತ್ತಿತ್ತು. ಅವಳ ನೈಟಿಯ ಮೇಲೆ, ಹೊಕ್ಕುಳಿನ ನೇರಕ್ಕೆ, ಒದ್ದೆ ಗುರುತೊಂದು ಬಟ್ಟೆಯೊಳಗಿನಿಂದ ಮೂಡಿ ಅಗಲವಾಗುತ್ತಿತ್ತು. ಮಧ್ಯದಲ್ಲಿ ದಟ್ಟ. ಅಂಚಿನಲ್ಲಿ ಚುಕ್ಕಿಚುಕ್ಕಿ.

ಗಿರಿರಾಜ ಕೈ ಎತ್ತಿಕೊಂಡ. ಅಂಗೈ ಬೆಳ್ಳಗೆ ಹೊಳೆಯುತ್ತಿತ್ತು. ಹುಡುಕಿದರೂ ಒಂದು ಚೂರು ಕಲೆ ಇರಲಿಲ್ಲ.